ಮುಗುಡು ಎಂದು ಬರೆದವಳು

ಅರ್ಜಿ ಬರೆದವಳು ನಾನು. ಇದನ್ನು ಮೊದಲೇ ಹೇಳಬೇಕು. ಮುಂದಿನ ಪುಟಗಳಲ್ಲಿ ನಾನು ಕೆಲವರಿಂದ ಉತ್ತರ ಕೇಳಲಿದ್ದೇನೆ. ಕೇಳುವವಳ ಕೈಬರಹವೇ ಮೊದಲ ಕಾಗದದ ಮೇಲಿದೆ ಎಂಬುದು ಓದುವವರಿಗೆ ತಿಳಿದಿರಬೇಕು.

ಕಾಪುವಿನಿಂದ ಎಲ್ಲೂರಿನ ಕಡೆಗೆ ಹೋಗುವಾಗ ಮುಖ್ಯರಸ್ತೆ ಬಿಟ್ಟು ಒಳಗೆ ನಡೆದರೆ ನನ್ನ ತಾಯಿಯ ಊರು. ಅಲ್ಲಿ ಗುಡ್ಡದ ಬುಡದಲ್ಲಿ ಮಳೆನೀರು ನಿಲ್ಲುವ ಒಂದು ಹಳೆಯ ಕೆರೆಯಿದೆ. ನಮ್ಮಲ್ಲಿ ಇದನ್ನು ಮದಗ ಎನ್ನುತ್ತಾರೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಗೆ, ಮದಗ ತುಂಬಿದಾಗ ಹೆಚ್ಚಿನ ನೀರು ಕಲ್ಲಿನ ಕೋಡಿಯ ಮೇಲೆ ಹರಿದು, ಕೆಳಗಿನ ಗದ್ದೆಗಳನ್ನು ಹಾದು, ತೋಡನ್ನು, ಅಂದರೆ ಸಣ್ಣ ಹಳ್ಳವನ್ನು, ಸೇರುತ್ತದೆ. ತೋಡು ಹೊಳೆಯನ್ನು ಸೇರುತ್ತದೆ. ಹೀಗಾಗಿ ಮದಗಕ್ಕೆ ಹಾಕಿದ್ದು ಮದಗದಲ್ಲಿಯೇ ಉಳಿಯುತ್ತದೆಂದು ಯಾರೂ ಭಾವಿಸುವಂತಿಲ್ಲ. ಆದರೆ ನಾವೆಲ್ಲರೂ ಹಾಗೆ ಭಾವಿಸಿದೆವು.

ತಾಯಿಯ ಅಣ್ಣ, ಅಂದರೆ ನನ್ನ ಮಾವ, ಗಲ್ಫಿನಲ್ಲಿ ಇಪ್ಪತ್ತೆರಡು ವರ್ಷ ದುಡಿದು ಮರಳಿದ ಮೇಲೆ ಮದಗದ ಸಮಿತಿಗೆ ಅಧ್ಯಕ್ಷರಾದರು. ಹೂಳು ತೆಗೆಸಿದರು, ದಂಡೆ ಕಟ್ಟಿಸಿದರು. ಆಮೇಲೆ ಅವರ ಮನಸ್ಸು ಮುಗುಡಿನತ್ತ ತಿರುಗಿತು. ಮುಗುಡು ಎಂದರೆ ಮೀಸೆಯುಳ್ಳ, ಹುರುಪೆಯಿಲ್ಲದ, ನುಣುಪಾದ ಕಪ್ಪು ಮೀನು. ಮೊದಲ ಮಳೆಗೆ ಹೊಸನೀರಿನ ಎದುರು ಈಜಿ ಗದ್ದೆಗೆ ಹತ್ತುತ್ತದೆ. ನೀರಿಲ್ಲದ ಕಡೆಯೂ ಒದ್ದೆ ನೆಲದ ಮೇಲೆ ಸ್ವಲ್ಪ ದೂರ ತೆವಳುತ್ತದೆ. ಮಾವನ ಬಾಲ್ಯದಲ್ಲಿ ಅದನ್ನು ಕತ್ತಿಯಿಂದ ಕಡಿದು ಬುಟ್ಟಿ ತುಂಬಿಸುತ್ತಿದ್ದರಂತೆ. ಈಗ ಅದು ಕಾಣುವುದಿಲ್ಲ. ಕಾಣದ ಮೀನನ್ನು ಮರಳಿ ತರಬೇಕೆಂಬುದು ಅವರ ಆಸೆಯಾಗಿತ್ತು. ಆ ಆಸೆಯಲ್ಲಿ ನನಗೆ ಇಂದಿಗೂ ದೋಷ ಕಾಣುವುದಿಲ್ಲ.

ಪಂಚಾಯತಿಗೆ ಅರ್ಜಿ ಬರೆಯಲು ನನ್ನನ್ನು ಕರೆಸಿದರು. ನಮ್ಮ ಮನೆಮಾತು ತುಳು. ಕಚೇರಿಯ ಕನ್ನಡ ಬರೆಯಬಲ್ಲವಳು, ಅದೂ ಮಣಿಪಾಲದಲ್ಲಿ ಪರಿಸರ ಕಾನೂನು ಓದಿದವಳು, ಮನೆಯಲ್ಲಿ ನಾನೊಬ್ಬಳೇ. ಮಾವನ ಮನೆಯ ಚಾವಡಿಯ ಮೇಜಿನ ಮುಂದೆ ಕುಳಿತು ಕೇಳಿದೆ.

“ಮೀನಿನ ಹೆಸರು ಎಂತ ಬರೆಯುವುದು ಮಾವ?”

“ಮುಗುಡು ಅಂತ ಬರೆ. ಮುಗುಡಿಗೆ ಬೇರೆ ಎಂತ ಹೆಸರು ಉಂಟು?”

“ಶಾಸ್ತ್ರೀಯ ಹೆಸರು ಅಂತ ಒಂದು ಇರುತ್ತದೆ.”

“ಪಂಚಾಯತಿಯವರಿಗೆ ಇಂಗ್ಲಿಷ್ ಮುಗುಡು ಬೇಡ ಮಾರಾಯ್ತಿ. ಊರಿನದ್ದು ಸಾಕು.”

ನಾನು ನಕ್ಕು ಬರೆದೆ: “ನಮ್ಮ ಊರಿನ ಮದಗದಲ್ಲಿ ಅಳಿದುಹೋಗಿರುವ ಮುಗುಡು ಮೀನಿನ ಮರಿಗಳನ್ನು ಪುನಃ ಬಿಡಲು ಅನುಮತಿ ನೀಡಬೇಕಾಗಿ ವಿನಂತಿ.” ಆ ವಾಕ್ಯದಲ್ಲಿ ಎರಡು ತಪ್ಪುಗಳಿದ್ದವು. ಎರಡೂ ನನಗೆ ತಿಳಿದದ್ದು ತಡವಾಗಿ.

ಅನುಮತಿ ಬಂದಿತು. ಯಾವ ಮೀನು, ಯಾರಿಂದ, ಎಲ್ಲಿ ಬೆಳೆದದ್ದು ಎಂದು ಯಾರೂ ಕೇಳಲಿಲ್ಲ. ಅರ್ಜಿಯ ಮೂಲೆಯಲ್ಲಿ ಮೊಹರು ಬಿತ್ತು, ಅಷ್ಟೆ. ಕೋಡಿ ಹರಿಯುವುದು ನಿಂತ ಮೇಲೆ, ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಕಾರ್ಕಳದ ಕಡೆಯಿಂದ ಟೆಂಪೋ ಬಂದಿತು. ಗಾಳಿ ತುಂಬಿದ ಹತ್ತು ಪ್ಲಾಸ್ಟಿಕ್ ಚೀಲಗಳು. ಒಳಗೆ ಕಡ್ಡಿಯಷ್ಟು ಸಣ್ಣ ಮರಿಗಳು. ತೆಂಗಿನಕಾಯಿ ಒಡೆದರು. ಸಮಿತಿಯವರು ಸಾಲಾಗಿ ನಿಂತು ಒಬ್ಬೊಬ್ಬರೂ ಒಂದೊಂದು ಚೀಲ ಬಿಚ್ಚಿದರು. ಎಲ್ಲರೂ ಕೈತಟ್ಟಿದರು. ಫೋಟೋ ತೆಗೆದವಳು ನಾನೇ.

ಬಿಡುವುದು ಎಂಬ ಕ್ರಿಯಾಪದಕ್ಕೆ ನಮ್ಮಲ್ಲಿ ಪುಣ್ಯದ ಅರ್ಥವೂ ಅಂಟಿಕೊಂಡಿದೆ. ಹಕ್ಕಿಯನ್ನು ಪಂಜರದಿಂದ ಬಿಡುತ್ತಾರೆ, ಕರುವನ್ನು ಹಾಲಿಗೆ ಬಿಡುತ್ತಾರೆ. ಮಣಿಪಾಲದ ಹಾಸ್ಟೆಲಿನಲ್ಲಿ ಪಕ್ಕದ ಕೋಣೆಯವಳು ಓದು ಮುಗಿದ ದಿನ ತನ್ನ ಗಾಜಿನ ತೊಟ್ಟಿಯ ಮೀನುಗಳನ್ನು ಬಕೆಟಿನಲ್ಲಿ ಒಯ್ದು ಇಳಿಜಾರಿನ ಕೆಳಗಿನ ಕೊಳಕ್ಕೆ ಬಿಟ್ಟಿದ್ದಳು. ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುವ, ಮೈಯೆಲ್ಲ ಮುಳ್ಳುಮುಳ್ಳಾದ ಒಂದು ಕಪ್ಪು ಮೀನೂ ಅದರಲ್ಲಿತ್ತು. ನಾವು ಐದಾರು ಜನ ದಂಡೆಯ ಮೇಲೆ ನಿಂತು ಅವಕ್ಕೆ ಶುಭ ಕೋರಿದೆವು. ಅದೇ ವಾರ ನಾನು ಹೊರನಾಡಿನ ಜೀವಿಗಳು ಸ್ಥಳೀಯ ನೀರನ್ನು ಹೇಗೆ ಕೆಡಿಸುತ್ತವೆ ಎಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ಎಂಟು ಪುಟ ಉತ್ತರ ಬರೆದಿದ್ದೆ. ಒಳ್ಳೆಯ ಅಂಕವೂ ಬಂದಿತ್ತು. ಓದಿದ್ದಕ್ಕೂ ಕಂಡದ್ದಕ್ಕೂ ನಡುವೆ ಇಷ್ಟು ಅಂತರವಿಟ್ಟು ಪದವಿ ಪಡೆಯಲು ಸಾಧ್ಯವಾಯಿತೆಂಬುದರ ಬಗ್ಗೆ ನಾನು ಇನ್ನೂ ಯಾರನ್ನೂ ಕೇಳಿಲ್ಲ.

ಫೆಬ್ರವರಿಯಲ್ಲಿ ಊರಿಗೆ ಹೋದಾಗ ಮದಗ ಮೌನವಾಗಿತ್ತು. ದಂಡೆಯ ಬಳಿ ನಿಂತರೆ ಪಾದದ ನೆರಳಿಗೆ ಚದುರುತ್ತಿದ್ದ ಬೆರಳುದ್ದದ ಬೆಳ್ಳಿ ಮೀನುಗಳು ಒಂದೂ ಇರಲಿಲ್ಲ. ಕಪ್ಪೆ ನೆಗೆಯಲಿಲ್ಲ. ನೀರುಕೋಳಿ ಆ ವರ್ಷ ಮರಿ ಮಾಡಿತ್ತು, ಮರಿಗಳು ನೀರಿಗಿಳಿದ ಮೇಲೆ ಒಂದೊಂದಾಗಿ ಕಡಿಮೆಯಾದವು ಎಂದು ಅತ್ತೆ, ಅಂದರೆ ಮಾವನ ಹೆಂಡತಿ, ಹೇಳಿದರು. ಮಾವ ಮಾತ್ರ ಸಂತೋಷದಿಂದಿದ್ದರು. ಮುಗುಡು ಮೊಣಕೈಯುದ್ದ ಬೆಳೆದಿತ್ತು. ಒಂದನ್ನು ಹಿಡಿಸಿ ಬಾಲ್ದಿಯಲ್ಲಿ ಇಟ್ಟಿದ್ದರು.

ಮಲ್ಪೆಯಿಂದ ಮೀನು ತಂದು ಮನೆಮನೆಗೆ ಮಾರುವ ಹೆಂಗಸು ಆ ಹೊತ್ತಿಗೆ ರಿಕ್ಷಾದಲ್ಲಿ ಬಂದಿಳಿದಳು. ಬಂಗುಡೆಯ ಬುಟ್ಟಿ ಜಗಲಿಯಲ್ಲಿಟ್ಟು ಬಾಲ್ದಿಗೆ ಇಣುಕಿದಳು.

“ಇದು ಎಂತದ್ದು ಧಣಿಗಳೇ?”

“ಮುಗುಡು. ನಮ್ಮ ಮದಗದ್ದು,” ಎಂದರು ಮಾವ.

“ಮುಗುಡಾ? ನಾನು ಮೀನು ಮಾರಲು ತೊಡಗಿ ಮೂವತ್ತು ವರ್ಷ ಆಯ್ತು. ನನಗೇ ಮುಗುಡು ತೋರಿಸ್ತೀರಾ?” ಅವಳು ಬಾಲ್ದಿಗೆ ಕೈ ಹಾಕಿ ಮೀನಿನ ತಲೆಯನ್ನು ಒತ್ತಿ ಹಿಡಿದಳು. “ತಲೆಯ ಹಿಂದೆ ನೋಡಿ. ನಮ್ಮದಕ್ಕೆ ಎಲುಬು ಉಗುರಿನ ಹಾಗೆ ಉರುಟು ಇರ್ತದೆ. ಇದಕ್ಕೆ ಮೂರು ಮೊನೆ ಉಂಟು. ಮೈಯಲ್ಲಿ ಕಲೆ ಬೇರೆ. ಇದು ದೊಡ್ಡ ಜಾತಿ, ಹೊರಗಿನದ್ದು. ಕೋಳಿಯ ಕರುಳು ಹಾಕಿ ಸಾಕ್ತಾರಲ್ಲ, ಅದು. ನಾನು ಇದನ್ನು ಬುಟ್ಟಿಗೇ ಹಾಕುವುದಿಲ್ಲ.”

“ನಿನಗೆ ಬಂಗುಡೆ ಮಾರಬೇಕು, ಅದಕ್ಕೆ ಹೇಳ್ತಿ.”

“ಹಾಗೇ ಅಂತ ಇಟ್ಟುಕೊಳ್ಳಿ. ಮಳೆ ಬಂದ ಮೇಲೆ ನಿಮಗೇ ಗೊತ್ತಾಗ್ತದೆ, ಅಲ್ವಾ?” ಎಂದು ಕೈ ತೊಳೆದುಕೊಂಡಳು.

ಅವಳು ಹೋದ ಮೇಲೆ ನಾನು ತಲೆಯ ಫೋಟೋ ತೆಗೆದು, ಪುಸ್ತಕದ ಚಿತ್ರಗಳ ಜೊತೆ ಹೋಲಿಸಿದೆ. ಹೆಚ್ಚು ಹೊತ್ತು ಬೇಕಾಗಲಿಲ್ಲ. ಅದು ಆಫ್ರಿಕಾದ ಮುಗುಡು. ಈ ದೇಶದಲ್ಲಿ ಅದನ್ನು ಸಾಕುವುದೂ ಮಾರುವುದೂ ಬಹಳ ಹಿಂದೆಯೇ ನಿಷೇಧವಾಗಿದೆ. ಇರುವುದನ್ನು ನಾಶಪಡಿಸಬೇಕೆಂಬ ಆದೇಶವೂ ಇದೆ. ಕಾರಣ ಸರಳ. ಅದು ತನ್ನ ಬಾಯಿಗೆ ಹಿಡಿಸುವ ಎಲ್ಲವನ್ನೂ ತಿನ್ನುತ್ತದೆ, ನೀರು ಬತ್ತಿದರೆ ಕೆಸರಿನಲ್ಲಿ ಉಸಿರಾಡಿಕೊಂಡಿರುತ್ತದೆ, ಮಳೆ ಬಂದರೆ ನಡೆದು ಹೊರಟುಬಿಡುತ್ತದೆ. ನಮ್ಮ ಮುಗುಡನ್ನು ಮರಳಿ ತರಲು ಹೋಗಿ ನಾವು ಅದನ್ನು ತಿನ್ನುವ ಮೀನನ್ನು ತಂದಿದ್ದೆವು. ತುಳುವಿನಲ್ಲಿಯೂ ಕನ್ನಡದಲ್ಲಿಯೂ ಎರಡಕ್ಕೂ ಹೆಸರು ಒಂದೇ ಆಗಿತ್ತು, ಅರ್ಜಿಯಲ್ಲಿಯೂ ಅದೇ ಇತ್ತು.

ಆ ಸಂಜೆ ಅಡುಗೆಮನೆಯಲ್ಲಿ ಅತ್ತೆ ಇನ್ನೊಂದು ವಿಷಯ ಹೇಳಿದರು.

“ನಮ್ಮ ಮುಗುಡು ಅಳಿದಿಲ್ಲ. ಕೆಳಗಿನ ತೋಡಿನಲ್ಲಿ, ಕೇದಗೆಯ ಬುಡದಲ್ಲಿ ಉಂಟು. ಕಳೆದ ಮಳೆಗೆ ನನ್ನ ಬುಟ್ಟಿಗೆ ಎರಡು ಬಿದ್ದಿತ್ತು. ನಾನು ವಾಪಸು ಬಿಟ್ಟೆ.”

“ನೀವು ಯಾಕೆ ಹೇಳಲಿಲ್ಲ ಅತ್ತೆ?”

“ಹೇಳಿದರೆ ನಿಮ್ಮ ಮಾವ ಇಡೀ ಊರಿಗೆ ಹೇಳ್ತಾರೆ. ಮರುದಿನ ಕೇದಗೆಯ ಬುಡವೂ ಇರುವುದಿಲ್ಲ. ಮತ್ತೆ ನನ್ನನ್ನು ಯಾರು ಕೇಳಿದ್ದು?”

“ಅಳಿದುಹೋಗಿರುವ” ಎಂದು ಬರೆಯುವ ಮೊದಲು ಒಬ್ಬರನ್ನಾದರೂ ನಾನು ಕೇಳಬೇಕಿತ್ತು. ತೋಡಿಗಿಳಿಯುವ ಒಬ್ಬ ಹೆಂಗಸು ಅದೇ ಮನೆಯ ಒಳಗಿದ್ದರು. ಇದು ನನ್ನ ಎರಡನೆಯ ತಪ್ಪು. ಇದರೊಂದಿಗೆ ಆಗಬೇಕಾದದ್ದೂ ಸ್ಪಷ್ಟವಾಯಿತು. ಮಳೆ ಹಿಡಿಯುವ ಮೊದಲು ಮದಗವನ್ನು ಖಾಲಿ ಮಾಡಬೇಕು. ಇಲ್ಲವಾದರೆ ಆ ಮೀನು ದಂಡೆ ದಾಟಿ ತೋಡಿಗಿಳಿಯುತ್ತದೆ, ಕೇದಗೆಯ ಬುಡದಲ್ಲಿ ಉಳಿದಿರುವುದೂ ಮುಗಿಯುತ್ತದೆ. ಕೈಯಲ್ಲಿ ಇದ್ದದ್ದು ಮೂರೂವರೆ ತಿಂಗಳು.

ಮೊದಲು ಮರಿ ಕೊಟ್ಟವನಲ್ಲಿಗೆ ಹೋದೆ. ಕಾರ್ಕಳ ದಾಟಿ ಅಜೆಕಾರಿನ ದಾರಿಯಲ್ಲಿ, ಕಲ್ಲು ತೆಗೆದು ಬಿಟ್ಟ ಒಂದು ಕೋರೆಯಲ್ಲಿ ಅವನ ಕೊಳಗಳಿದ್ದವು. ನೀರು ಕಪ್ಪಾಗಿತ್ತು. ಕೋಳಿ ಅಂಗಡಿಯ ತ್ಯಾಜ್ಯದ ಡ್ರಮ್ಮುಗಳು ಬದಿಯಲ್ಲಿದ್ದವು. ನಲವತ್ತರ ಆಸುಪಾಸಿನ, ಮೃದು ಮಾತಿನ ಮನುಷ್ಯ. ನನಗೆ ಕುರ್ಚಿ ಕೊಟ್ಟ.

“ಇದು ನಿಷೇಧವಾದ ಮೀನು. ನಿಮಗೆ ಗೊತ್ತಿತ್ತಾ?” ಎಂದು ಕೇಳಿದೆ.

“ಮೇಡಂ, ನೀವು ಎಂತ ಕೇಳಿದ್ದು? ಮುಗುಡು ಕೇಳಿದ್ದು. ನಾನು ಎಂತ ಕೊಟ್ಟದ್ದು? ಮುಗುಡು ಕೊಟ್ಟದ್ದು.” ಸಮಿತಿಯವರು ಕಳಿಸಿದ್ದ ಅರ್ಜಿಯ ಚಿತ್ರವನ್ನು ಫೋನಿನಲ್ಲಿ ತೆರೆದು ನನಗೆ ತೋರಿಸಿದ. “ಅಕ್ಷರ ಎಷ್ಟು ಚಂದ ಉಂಟು ನೋಡಿ. ಯಾವ ಮುಗುಡು ಅಂತ ಎಲ್ಲಿ ಉಂಟು? ಊರಿನ ಮುಗುಡಿನ ಮರಿ ಯಾರೂ ಮಾಡುವುದಿಲ್ಲ. ಮಾರುವ ಮುಗುಡು ಅಂದರೆ ಇದೇ.”

“ಗೊತ್ತಿದ್ದೂ ಕೊಟ್ಟಿರಿ.”

“ನೀವು ಓದಿದವರು, ಗೊತ್ತಿಲ್ಲದೆ ತೆಗೊಂಡಿರಿ. ನಾನೆಂತ ಮಾಡುವುದು?”

ಅವನ ಮಾತಿಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ನಿಷಿದ್ಧ ವಸ್ತುವನ್ನು ಕೊಂಡವನ ಅಜ್ಞಾನ ಮಾರಿದವನನ್ನು ರಕ್ಷಿಸುವುದಿಲ್ಲ. ಇದನ್ನು ನಾನು ಅವನಿಗೆ ಹೇಳಿದೆ ಕೂಡ. ಆದರೆ ಹಿಂದಿರುಗುವ ಬಸ್ಸಿನಲ್ಲಿ ಆ ಅಕ್ಷರಗಳೇ ಕಣ್ಣಮುಂದಿದ್ದವು.

ಉಡುಪಿಯಲ್ಲಿ ಎರಡು ವಾರ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದೆ. ಅಲ್ಲಿ ಕಲಿತದ್ದಿಷ್ಟು: ಮದಗದ ನೆಲ ಒಬ್ಬರದು, ನೀರು ಇನ್ನೊಬ್ಬರದು, ಮೀನು ಮೂರನೆಯವರದು. ನಿಷಿದ್ಧ ಮೀನಾದರೆ ಮೂವರದೂ ಅಲ್ಲ. ಯಾರೂ ಒರಟಾಗಿ ಮಾತನಾಡಲಿಲ್ಲ. ಒಬ್ಬ ಗುಮಾಸ್ತರಂತೂ ನನಗಾಗಿ ಕಪಾಟಿನ ಎಲ್ಲ ಕಡತಗಳನ್ನೂ ಹುಡುಕಿ, ಬೆವರು ಒರೆಸಿಕೊಂಡು ಹೇಳಿದರು:

“ಮೀನು ಬಿಡುವುದಕ್ಕೆ ಫಾರಂ ಉಂಟು. ತೆಗೆಯುವುದಕ್ಕೆ ಫಾರಂ ಇಲ್ಲ.”

“ಹಾಗಾದರೆ ನಾನು ಎಂತ ಮಾಡಬೇಕು?”

“ದೂರು ಕೊಡಿ. ದೂರಿಗೆ ಫಾರಂ ಬೇಡ.”

ದೂರು ಬರೆದೆ. ಹೊಣೆಗಾರರನ್ನು ಕ್ರಮವಾಗಿ ಪಟ್ಟಿ ಮಾಡಿದೆ: ಮರಿ ಮಾರಿದವನು, ಸಮಿತಿಯ ಅಧ್ಯಕ್ಷರು, ಪರಿಶೀಲಿಸದೆ ಒಪ್ಪಿಗೆ ಕೊಟ್ಟವರು, ಅರ್ಜಿ ಬರೆದವಳು. ಸಲ್ಲಿಸುವ ಮೊದಲು ಮಾವನಿಗೆ ತೋರಿಸಿದೆ. ಅವರ ಬೆನ್ನ ಹಿಂದೆ ಕೊಡುವುದು ನನಗೆ ಸರಿ ಕಾಣಲಿಲ್ಲ. ಅವರು ಕನ್ನಡಕ ಹಾಕಿಕೊಂಡು ಎರಡು ಬಾರಿ ಓದಿದರು.

“ನನ್ನನ್ನು ಎರಡನೆಯ ಸಾಲಿಗೆ ಹಾಕಿದ್ದಿ.”

“ಹೌದು ಮಾವ.”

“ನೀನು ಎಲ್ಲಿದ್ದಿ?”

“ನಾಲ್ಕನೆಯದು.”

“ನಾನು ಹತ್ತನೇ ಫೇಲು, ಎರಡನೆಯ ಸಾಲಿಗೆ. ನೀನು ಡಬಲ್ ಡಿಗ್ರಿ, ನಾಲ್ಕನೆಯ ಸಾಲಿಗೆ. ಇದು ಯಾವ ಕಾನೂನು ಮಾರಾಯ್ತಿ?”

ಪಟ್ಟಿಯನ್ನು ಮತ್ತೆ ಬರೆದೆ; ಈ ಬಾರಿ ನಾನು ಎರಡನೆಯವಳು, ಮಾವ ಮೂರನೆಯವರು. ಮಾವ ಆ ದಿನದಿಂದ ಸುಮಾರು ಒಂದು ತಿಂಗಳು ನನ್ನೊಂದಿಗೆ ಅಗತ್ಯಕ್ಕಿಂತ ಹೆಚ್ಚು ಮಾತನಾಡಲಿಲ್ಲ. ಹಾಲಿನ ಡೈರಿಯಲ್ಲಿ, ಕ್ಷೌರದಂಗಡಿಯಲ್ಲಿ ಜನರು ಅವರನ್ನು “ಆಫ್ರಿಕಾ” ಎಂದು ಕರೆಯತೊಡಗಿದ್ದರು. ಅದು ನನ್ನ ದೂರಿನಿಂದ ಆದದ್ದು. ನಾನು ದೂರನ್ನು ಹಿಂದೆಗೆದುಕೊಳ್ಳಲಿಲ್ಲ.

ಮೇ ತಿಂಗಳ ಮೊದಲ ವಾರದಲ್ಲಿ ಒಪ್ಪಿಗೆಯ ಪತ್ರ ಬಂದಿತು: ನೀರು ಬರಿದು ಮಾಡಿ ಸದರಿ ಮೀನನ್ನು ನಾಶಪಡಿಸತಕ್ಕದ್ದು. ಯಾರು, ಹೇಗೆ ಎಂದು ಬರೆದಿರಲಿಲ್ಲ. ಸಮಿತಿಯೇ ಪಂಪು ತರಿಸಿತು. ಮಣಿಪಾಲದ ಕಟ್ಟಡ ಕೆಲಸದಿಂದ ಉತ್ತರ ಕರ್ನಾಟಕದ ಆರು ಜನರನ್ನು ಕರೆತಂದರು. ನಾಲ್ಕು ದಿನ ಪಂಪು ಓಡಿತು. ನೀರು ಮೊಣಕಾಲಿಗೆ ಇಳಿದಾಗ ಮದಗದ ನಡುವೆ ಕೆಸರು ತಾನೇ ಮಗುಚಿಕೊಂಡಂತೆ ಕಂಡಿತು. ಬಲೆ ಎಳೆದರು. ತೋಳಿನಷ್ಟು ದಪ್ಪದ ಮೀನುಗಳು. ದಂಡೆಯ ಆಚೆ ತೋಡಿದ ಗುಂಡಿಗೆ ಅವನ್ನು ಹಾಕಿ ಸುಣ್ಣ ಸುರಿಯಬೇಕಾಗಿತ್ತು. ಆ ಗುಂಪಿನ ಹಿರಿಯನೊಬ್ಬ ಗುಂಡಿಯ ಅಂಚಿನಲ್ಲಿ ನಿಂತುಬಿಟ್ಟ.

“ಅಕ್ಕಾರ, ಇಷ್ಟ್ ಚಲೋ ಮೀನ ಮಣ್ಣಾಗ ಮುಚ್ಚಂತೀರಲ್ರಿ.”

“ಒಂದೂ ಜೀವಂತ ಹೊರಗೆ ಹೋಗಬಾರದು.”

“ಸತ್ತದ್ದು ಹೋಗಬಹುದಲ್ರಿ?”

“ನಾಶ ಮಾಡಬೇಕು ಅಂತ ಆದೇಶ ಇದೆ.”

“ನಮ್ಮ ಹೊಟ್ಟ್ಯಾಗ ಹೋದರ ನಾಶ ಆಗೂದಿಲ್ಲೇನ್ರಿ?”

ಉಳಿದವರು ನಕ್ಕರು. ನಾಶ ಎಂಬ ಪದದೊಳಗೆ ಊಟ ಸೇರುತ್ತದೆಯೇ ಎಂಬುದು ಕಾನೂನು ಓದಿದ ನನಗೆ ಹೊಳೆಯಲಿಲ್ಲ. ಇಂದು ತಿಂದವರು ನಾಳೆ ಕೊಳ್ಳಲು ಹುಡುಕುತ್ತಾರೆ, ಕೋರೆಯ ಮನುಷ್ಯ ಬದುಕುವುದು ಹಾಗೆಯೇ ಎಂದು ವಿವರಿಸಿದೆ. ಆತ ತಲೆಯಾಡಿಸಿದ, ಒಪ್ಪಿದಂತೆ ಕಾಣಲಿಲ್ಲ. ಗುಂಡಿ ಮುಚ್ಚಿದರು. ಆ ಮಧ್ಯಾಹ್ನ ಅವರಿಗೆಲ್ಲ ಅತ್ತೆ ಹುಳಿಖಾರದ ಬಂಗುಡೆ ಪುಳಿಮುಂಚಿ ಬಡಿಸಿದರು. ಆ ಹಿರಿಯ ಎರಡು ಬಾರಿ ಅನ್ನ ಹಾಕಿಸಿಕೊಂಡು, “ಇದಕ್ಕ ಆದೇಶ ಇಲ್ಲ ಹೌದಲ್ರಿ?” ಎಂದು ಕೇಳಿದ.

ಮುನ್ನೂರ ಹನ್ನೆರಡು ಮೀನು ಎಣಿಸಿದ್ದೆ. ಬಿಟ್ಟ ಮರಿಗಳೆಷ್ಟು ಎಂದು ಯಾರಿಗೂ ತಿಳಿದಿರಲಿಲ್ಲ. ಹತ್ತು ಚೀಲ ಎಂಬುದಷ್ಟೇ ಎಲ್ಲರ ನೆನಪು. ಆದ್ದರಿಂದ ಉಳಿದದ್ದೆಷ್ಟು ಎಂದು ಹೇಳಲು ದಾರಿಯಿರಲಿಲ್ಲ. ನಡುವಿನ ಕೆಸರು ಎದೆಯಾಳದಷ್ಟಿತ್ತು. ಅದನ್ನು ಒಣಗಿಸುವಷ್ಟು ಬಿಸಿಲಿನ ದಿನಗಳು ನಮ್ಮ ಬಳಿ ಇರಲಿಲ್ಲ. ದಂಡೆಯುದ್ದಕ್ಕೂ ಹಸಿರು ಬಲೆ ಕಟ್ಟಿದೆವು.

ಅದೇ ವಾರ ಕಚೇರಿಯಿಂದ ಒಂದು ಮುದ್ರಿತ ಕಾಗದ ಬಂದಿತು, ಅಧ್ಯಕ್ಷರ ಸಹಿಗಾಗಿ. “ಸದರಿ ಮದಗವು ಸದರಿ ಮೀನಿನಿಂದ ಸಂಪೂರ್ಣವಾಗಿ ಮುಕ್ತವಾಗಿದೆ ಎಂದು ಈ ಮೂಲಕ ದೃಢೀಕರಿಸಲಾಗಿದೆ.” ಸಹಿ ಬಿದ್ದರೆ ಕಡತ ಮುಚ್ಚುತ್ತದೆ. ಮಾವನ ಮೇಲಿನ ದೂರೂ ನನ್ನ ಮೇಲಿನದೂ ಮುಗಿಯುತ್ತದೆ. ಕೋರೆಯವನದೂ ಮುಗಿಯುತ್ತದೆ. ಮಾವ ಅದನ್ನು ಚಾವಡಿಯ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟರು. ಸಹಿ ಹಾಕಬೇಡಿ ಎಂದು ನಾನು ಹೇಳಿದೆ. “ನನ್ನ ಸಹಿ, ನಾನು ನೋಡಿಕೊಳ್ತೇನೆ,” ಎಂದರು.

ಜೂನಿನ ಮೊದಲ ದೊಡ್ಡ ಮಳೆ ಒಂದು ಗುರುವಾರ ಬೆಳಗಿನ ಜಾವ ಬಂದಿತು. ಬೆಳಕು ಹರಿಯುವಾಗ ಮಾವ ನನ್ನನ್ನು ಎಬ್ಬಿಸಿದರು. ತಲೆಗೆ ಅಡಿಕೆಹಾಳೆಯ ಮುಟ್ಟಾಳೆ, ಕೈಯಲ್ಲಿ ಕತ್ತಿ. ಮುಂದೆ ನಡೆದರು. ದಂಡೆಯ ಮೇಲೆ ಹುಲ್ಲು ಮಲಗಿಕೊಂಡಿತ್ತು. ಬಲೆಯ ಒಳಬದಿಯಲ್ಲಿ, ನೀರಿನಿಂದ ನಾಲ್ಕು ಹೆಜ್ಜೆ ಮೇಲೆ, ಮೂರು ಮೀನುಗಳು ಮೊಣಕೈ ಊರಿದಂತೆ ಈಜುರೆಕ್ಕೆ ಊರಿ ಗದ್ದೆಯ ದಿಕ್ಕಿಗೆ ತೆವಳುತ್ತಿದ್ದವು. ಒಂದು ಬಲೆಗೆ ಮೂತಿ ಒತ್ತಿತ್ತು. ಸ್ವಲ್ಪ ಮುಂದೆ, ಬಲೆಯ ಬುಡದ ಮಣ್ಣು ಕೊಚ್ಚಿಹೋಗಿ ಒಂದು ಗೇಣಿನ ಸಂದು ಆಗಿತ್ತು. ಅದರ ಮೂಲಕ ಏನಾದರೂ ದಾಟಿದೆಯೇ ಎಂದು ಹುಲ್ಲನ್ನು ನೋಡಿ ಹೇಳಲಾಗಲಿಲ್ಲ.

ಮಾವ ಮೂರನ್ನೂ ಕಡಿದರು. ಸಂದಿನ ಮುಂದೆ ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕುಳಿತಿದ್ದರು. ಆಮೇಲೆ ಕಲ್ಲು ತಂದು ಮುಚ್ಚಿದರು.

ಶನಿವಾರ ನಾವಿಬ್ಬರೂ ಉಡುಪಿಗೆ ಹೋದೆವು. ಫಾರಂ ಇಲ್ಲವೆಂದಿದ್ದ ಅದೇ ಗುಮಾಸ್ತರು ಕಾಗದ ತೆಗೆದುಕೊಂಡು ಕನ್ನಡಕದ ಮೇಲಿನಿಂದ ನೋಡಿದರು. “ಸಂಪೂರ್ಣವಾಗಿ ಮುಕ್ತವಾಗಿದೆ” ಎಂಬುದರ ಮೇಲೆ ಗೆರೆ ಎಳೆಯಲಾಗಿತ್ತು. ಅದರ ಕೆಳಗೆ ಮಾವನ ದಪ್ಪ ಅಕ್ಷರಗಳಲ್ಲಿ “ಮುಕ್ತವಾಗಿಲ್ಲ. ಮೀನು ಉಂಟು” ಎಂದಿತ್ತು. ಅದರ ಕೆಳಗೆ ಸಹಿ. ಬಸ್ಸಿನಲ್ಲಿ ಬರುವಾಗಲೂ ಅವರು ಅದನ್ನು ನನಗೆ ತೋರಿಸಿರಲಿಲ್ಲ.

“ಇದು ಹೀಗೆ ಆಗುವುದಿಲ್ಲ. ಕಡತದಲ್ಲಿ ‘ಉಂಟು’ ಅಂತ ಬರೆಯುವ ಕ್ರಮ ಇಲ್ಲ. ‘ಇರುತ್ತದೆ’ ಅಂತ ಬರೆಯಬೇಕು,” ಎಂದರು ಗುಮಾಸ್ತರು.

“ಇರುತ್ತದೆ ಅಂದರೆ ಯಾವಾಗಲೂ ಇರುತ್ತದೆ ಅಂತ ಆಗುವುದಿಲ್ವಾ?” ಎಂದು ಮಾವ ಕೇಳಿದರು. “ಯಾವಾಗಲೂ ಇರಬಾರದು ಮಾರಾಯ್ರೇ. ಈಗ ಉಂಟು. ಅದನ್ನು ತೆಗೆಯಲಿಕ್ಕೆ ಯಾರು ಬರ್ತೀರಿ, ಎಂದು ಬರ್ತೀರಿ, ಅದು ಹೇಳಿ.”

ಗುಮಾಸ್ತರು ನನ್ನ ಕಡೆ ನೋಡಿದರು. ತಿದ್ದಿಕೊಡಬಹುದೆಂದು ಅವರ ನಿರೀಕ್ಷೆಯಿದ್ದಿರಬೇಕು. ನಾನು ಪೆನ್ನು ತೆಗೆಯಲಿಲ್ಲ. ಅವರು ಕಾಗದದ ಮೇಲೆ ಸ್ವೀಕೃತಿಯ ಮೊಹರು ಒತ್ತಿ, ಮುಚ್ಚುವುದಕ್ಕೆಂದು ಬದಿಗಿಟ್ಟಿದ್ದ ಕಡತವನ್ನು ಮತ್ತೆ ಮೇಜಿನ ಮೇಲಿಟ್ಟರು.